ಬಾಣಂತಿಗೆ ಹೇಳದ ಸುದ್ದಿ

“ಹನ್ನೊಂದು ದಿನ ಅಮ್ಮಾ. ನಿಮ್ಮ ಮಗಳಿಗೆ ಉಳಿದಿರೋದು ಇನ್ನು ಹನ್ನೊಂದೇ ದಿನ,” ಎಂದರು ಶಿವಮೊಗ್ಗದ ಸವಳಂಗ ರಸ್ತೆಯ ಟ್ರಾವೆಲ್ಸ್ ಅಂಗಡಿಯವರು.

ನಾನು ನಕ್ಕುಬಿಟ್ಟೆ. ಈಗ ನೆನೆಸಿಕೊಂಡರೆ ನನ್ನ ಮೇಲೆ ನನಗೇ ಮೈ ಉರಿಯುತ್ತದೆ, ಆದರೆ ನಕ್ಕದ್ದು ನಿಜ. ನಾನೂ ನಮ್ಮ ಮನೆಯವರೂ ಅಂದು ಬೆಳಿಗ್ಗೆ ಭದ್ರಾವತಿಯಿಂದ ಬಸ್ಸು ಹತ್ತಿ ಬಂದದ್ದೇ ಖುಷಿಯ ಕೆಲಸಕ್ಕೆ. ಮೊಮ್ಮಗನ ಪಾಸ್‌ಪೋರ್ಟ್ ಹಿಂದಿನ ದಿನ ಪೋಸ್ಟಿನಲ್ಲಿ ಬಂದಿತ್ತು. ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಕವರನ್ನು ಬ್ಯಾಗಿನ ಒಳ ಜೇಬಿಗೆ ಸೇರಿಸಿ, ಮಲವಗೊಪ್ಪ ಬರುವಷ್ಟರಲ್ಲಿ ಎರಡು ಸಲ ಹೊರಗೆ ತೆಗೆದು ನೋಡಿದ್ದೆ. ಫೋಟೋದಲ್ಲಿ ಅವನು ಯಾರ ಮೇಲೋ ಸಿಟ್ಟು ಬಂದವನ ಹಾಗೆ ಹುಬ್ಬು ಗಂಟಿಕ್ಕಿದ್ದ. ಮಗುವಿಗೆ ವೀಸಾ ಎಷ್ಟು ದಿನಕ್ಕೆ ಬರುತ್ತದೆ, ತಾಯಿ ಮಗುವಿಗೆ ಟಿಕೆಟ್ ಯಾವಾಗ ಮಾಡಿಸಬೇಕು ಎಂದು ಕೇಳಿಕೊಂಡು ಹೋಗೋಣವೆಂದು ಬಂದವರು ನಾವು.

“ಹನ್ನೊಂದು ದಿನದಲ್ಲಿ ಎಲ್ಲಿ ಕಳಿಸೋಕಾಗುತ್ತೆ? ಮಗೂಗೆ ಇನ್ನೂ ಮೂರು ತಿಂಗಳು ತುಂಬಿಲ್ಲ. ನಾವು ಕಳಿಸೋದು ಐದನೇ ತಿಂಗಳಲ್ಲಿ,” ಎಂದೆ.

“ನೀವು ಕಳಿಸೋ ಮಾತಲ್ಲಮ್ಮ ಇದು, ಅವರು ಒಳಗೆ ಬಿಟ್ಕೊಳ್ಳೋ ಮಾತು.” ಅವರು ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದರು. “ನಿಮ್ಮ ಮಗಳ ಹಳೇ ಟಿಕೆಟ್ ಇಲ್ಲಿದೆ ನೋಡಿ, ಆ ದೇಶ ಬಿಟ್ಟ ತಾರೀಖು ಇದು. ಅಲ್ಲಿಂದ ಆರು ತಿಂಗಳು ಎಣಿಸಿ. ಅಷ್ಟರೊಳಗೆ ಅಲ್ಲಿ ಇಳೀಲಿಲ್ಲ ಅಂದ್ರೆ ಅವರ ಕಾರ್ಡ್ ತಾನಾಗೇ ಕ್ಯಾನ್ಸಲ್.”

ಆ ದೇಶ ಗಲ್ಫಿನದು. ಹೆಸರು ಬರೆಯುವುದಿಲ್ಲ, ನನ್ನ ಮಗಳ ಸಂಸಾರ ಇನ್ನೂ ಅಲ್ಲೇ ಇದೆ. ಅಳಿಯ ಅಲ್ಲಿ ವೆಲ್ಡಿಂಗ್ ಇನ್ಸ್‌ಪೆಕ್ಟರ್. ಅವರ ಅಪ್ಪ, ನಮ್ಮ ಮನೆಯವರು ಇಬ್ಬರೂ ಭದ್ರಾವತಿಯ ಕಾರ್ಖಾನೆಯಲ್ಲೇ ದುಡಿದು ರಿಟೈರ್ ಆದವರು. ಇಲ್ಲಿ ಕೆಲಸ ಕಡಿಮೆಯಾಯಿತು, ಅಳಿಯ ಅಲ್ಲಿಗೆ ಹೋದರು. ಮದುವೆಯಾದ ಮೇಲೆ ಮಗಳಿಗೂ ಅಲ್ಲಿ ಇರುವ ಕಾರ್ಡು ಮಾಡಿಸಿಕೊಂಡು ಕರೆದುಕೊಂಡು ಹೋದರು. ಅವಳು ಬಸುರಿಯಾಗಿ ಏಳನೇ ತಿಂಗಳು ಬಿದ್ದ ಕೂಡಲೇ ನಾನೇ ಹಟ ಹಿಡಿದು ಕರೆಸಿಕೊಂಡೆ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ನಾನು ಬದುಕಿರುವಾಗ ನನ್ನ ಮಗಳು ಮರುಭೂಮಿಯ ಆಸ್ಪತ್ರೆಯಲ್ಲಿ ಒಬ್ಬಳೇ ನೋವು ತಿನ್ನುವುದೇ ಎಂದು ಫೋನಿನಲ್ಲೇ ಅತ್ತು ಗಲಾಟೆ ಮಾಡಿದ್ದೆ.

“ಆಗ್ಲಿ, ಅವಳನ್ನೂ ಮಗೂನೂ ಒಟ್ಟಿಗೇ ಕಳಿಸೋಣ. ಒಂದು ವಾರದಲ್ಲಿ ವೀಸಾ ಮಾಡಿಸ್ಕೊಡಿ ಮಗೂಗೆ,” ಎಂದು ನಮ್ಮ ಮನೆಯವರು ಪಾಸ್‌ಪೋರ್ಟನ್ನು ಮೇಜಿನ ಮೇಲಿಟ್ಟರು.

ಅಂಗಡಿಯವರು ಅದನ್ನು ಮುಟ್ಟಲಿಲ್ಲ. “ಸಾಹೇಬ್ರೇ, ಹೊಸದಾಗಿ ಫ್ಯಾಮಿಲಿ ವೀಸಾ ಕೊಡೋದನ್ನೇ ನಿಲ್ಲಿಸಿದ್ದಾರೆ. ಹೆಂಡ್ತಿಗೂ ಇಲ್ಲ, ಅಪ್ಪ ಅಮ್ಮನಿಗೂ ಇಲ್ಲ. ಸಣ್ಣ ಮಕ್ಕಳಿಗೆ ಮಾತ್ರ ಒಂದು ದಾರಿ ಬಿಟ್ಟಿದ್ದಾರೆ. ಅಪ್ಪ, ಅಮ್ಮ ಇಬ್ಬರೂ ಚಾಲ್ತಿ ಇರೋ ಕಾರ್ಡ್ ಇಟ್ಕೊಂಡು ಆ ದೇಶದ ಒಳಗೇ ಇರಬೇಕು. ಆಮೇಲೆ ಅರ್ಜಿ.”

“ಅಂದ್ರೆ?” ಎಂದೆ. ಅರ್ಥವಾಗಿತ್ತು. ಆದರೂ ಕೇಳಿದೆ.

“ಅಂದ್ರೆ ತಾಯಿ ಮೊದಲು ಹೋಗ್ಬೇಕು. ಮಗು ಇಲ್ಲೇ ಇರಬೇಕು. ಹನ್ನೊಂದು ದಿನ ದಾಟಿದ್ರೆ ತಾಯಿ ಕಾರ್ಡೂ ಹೋಗುತ್ತೆ, ಆಗ ಇಬ್ಬರಿಗೂ ದಾರಿ ಇಲ್ಲ.” ಅವರು ಕಂಪ್ಯೂಟರನ್ನು ತಮ್ಮ ಕಡೆ ತಿರುಗಿಸಿಕೊಂಡು, “ಮಗು ಅಲ್ಲೇ ಹುಟ್ಟಿದ್ರೆ ಇದ್ಯಾವುದೂ ಇರ್ತಿರಲಿಲ್ಲ ಅಮ್ಮಾ. ಅಲ್ಲೇ ಕಾರ್ಡ್ ಆಗ್ಬಿಡ್ತಿತ್ತು,” ಎಂದರು.

 ನಾನು ಕೂತಿದ್ದ ಕುರ್ಚಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಹೊರಗೆ ಸವಳಂಗ ರಸ್ತೆಯಲ್ಲಿ ಯಾರೋ ಯಾರಿಗೋ ದಾರಿ ಬಿಡದೆ ಹಾರನ್ ಹೊಡೆಯುತ್ತಲೇ ಇದ್ದರು. ಅಂಗಡಿಯವರು ನೀರು ತರಿಸಿಕೊಟ್ಟರು. 

“ಈ ರೂಲ್ ಬಂದು ಎರಡು ತಿಂಗಳಾಯ್ತಲ್ಲ. ನಿಮ್ಮ ಅಳಿಯಂದಿರು ಹೇಳಲಿಲ್ವಾ?” ಎಂದು ಅವರು ಕೇಳಿದರು.

ನಮ್ಮ ಮನೆಯವರು, “ಇಲ್ಲ, ಅವರಿಗೂ ಗೊತ್ತಿರ್ಲಿಕ್ಕಿಲ್ಲ,” ಎಂದರು.  ಅಳಿಯ ಹೇಳಿದ್ದರು. ನನಗೆ ಹೇಳಿದ್ದರು.

ಅದನ್ನು ಈಗಲಾದರೂ ಸರಿಯಾಗಿ ಬರೆಯಬೇಕು. ನಮ್ಮ ಮನೆಯ ಬಾಣಂತನದ ಕಟ್ಟುನಿಟ್ಟು ಇಡೀ ಬೀದಿಗೆ ಗೊತ್ತು. ಬಾಣಂತಿ ತಲೆಗೆ ಬಟ್ಟೆ ಕಟ್ಟಿರಬೇಕು, ಕಿವಿಗೆ ಹತ್ತಿ ಇಟ್ಟಿರಬೇಕು, ಸಾಂಬ್ರಾಣಿ ಹೊಗೆ ಹಾಕಿಸಿಕೊಂಡು ಹೊದ್ದು ಮಲಗಬೇಕು. ಟಿವಿ ಇಲ್ಲ, ಓದುವುದಿಲ್ಲ, ಫೋನಂತೂ ಇಲ್ಲವೇ ಇಲ್ಲ. ಹಸಿ ಮೈಯಲ್ಲಿ ಕಣ್ಣಿಗೆ ಶ್ರಮ ಕೊಟ್ಟರೆ ಮುಂದೆ ಕಣ್ಣು ಸೋಲುತ್ತದೆ ಎಂದು ನನ್ನ ಅಮ್ಮ ನನಗೆ ಹೇಳಿದ್ದಳು, ನಾನು ಮಗಳಿಗೆ ಹೇಳಿದೆ. ಮಗಳ ಫೋನು ನನ್ನ ಸೊಂಟದಲ್ಲೇ ಇರುತ್ತಿತ್ತು. ದಿನಕ್ಕೊಂದು ಸಲ ಗಂಡನ ಜೊತೆ ಹತ್ತು ನಿಮಿಷ ಮಾತು, ಅದೂ ಸ್ಪೀಕರಿನಲ್ಲಿ, ನಾನು ಪಕ್ಕದಲ್ಲಿ ಕೂತು ಮಗುವಿನ ಬಟ್ಟೆ ಮಡಿಸುತ್ತಿರುವಾಗ.

ಮಗುವಿಗೆ ಒಂದು ತಿಂಗಳಾಗಿದ್ದ ದಿನಗಳು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅಳಿಯ ಫೋನ್ ಮಾಡಿದರು. ಬಚ್ಚಲಿನಲ್ಲಿ ಮಗಳಿಗೆ ಎಣ್ಣೆ ನೀರು ನಡೆಯುತ್ತಿತ್ತು. ಕಾರ್ಖಾನೆ ಕ್ವಾರ್ಟರ್ಸ್ ಕಡೆಯ ಒಬ್ಬ ತಮಿಳು ಅಜ್ಜಿ ಬಂದು ತಾಯಿಗೂ ಮಗುವಿಗೂ ನೀರು ಹಾಕಿ ಹೋಗುತ್ತಿದ್ದಳು.

“ಅತ್ತೆ, ಇಲ್ಲಿ ಆರು ತಿಂಗಳ ರೂಲ್ ವಾಪಸ್ ತಂದಿದ್ದಾರೆ. ಕೊರೊನಾ ಅಂತ ಇಷ್ಟು ದಿನ ಸಡಿಲ ಬಿಟ್ಟಿದ್ರು, ಈಗ ಇಲ್ಲ. ಹೊರಟ ದಿನದಿಂದ ಲೆಕ್ಕ. ಅವಳಿಗೆ ಹೇಳಿ ಅತ್ತೆ, ಯೋಚನೆ ಮಾಡೋಣ,” ಎಂದರು.

“ಈಗ ಹೇಳೋದು ಬೇಡ. ಬಾಣಂತಿಗೆ ಚಿಂತೆ ಹತ್ತಿದ್ರೆ ಎದೆಹಾಲು ನಿಲ್ಲುತ್ತೆ,” ಎಂದೆ.

“ಆದ್ರೂ ಅತ್ತೆ, ಟೈಮ್ ಕಮ್ಮಿ ಇದೆ.”

“ಗಂಡಸರಿಗೆ ಇದೆಲ್ಲ ಗೊತ್ತಾಗಲ್ಲ. ನಾನು ನೋಡ್ಕೋತೀನಿ ಬಿಡಿ. ಅವಳ ಹತ್ರ ನೀವು ಬಾಯಿ ಬಿಡ್ಬೇಡಿ, ನನ್ನಾಣೆ,” ಎಂದೆ. ಬಡಪಾಯಿ ಮನುಷ್ಯ, “ಸರಿ ಅತ್ತೆ,” ಎಂದರು.

ನಾನೇಕೆ ಅಷ್ಟು ಧೈರ್ಯವಾಗಿದ್ದೆ ಎಂದರೆ, ನಾನು ಮೂವತ್ತೊಂದು ವರ್ಷ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿದ್ದವಳು. ಕೊನೇ ದಿನಾಂಕ ಎಂದರೆ ಏನೆಂದು ನನಗೆ ಗೊತ್ತಿತ್ತು. ನೋಟೀಸ್ ಬೋರ್ಡಿನಿಂದ ಹಳೇ ಕೊನೇ ದಿನಾಂಕದ ಕಾಗದ ಕಿತ್ತು ಹೊಸ ಕೊನೇ ದಿನಾಂಕದ ಕಾಗದ ಹಚ್ಚುವುದು ನನ್ನ ಕೆಲಸಗಳಲ್ಲೊಂದಾಗಿತ್ತು. ಜನ ಬೆವರು ಸುರಿಸಿಕೊಂಡು ಓಡಿ ಬಂದರೆ, “ಯಾಕೆ ಹಿಂಗ್ ಓಡಿ ಬಂದ್ರಿ ಮಾರಾಯ್ರೇ, ಇನ್ನೊಂದು ತಿಂಗಳು ಎಕ್ಸ್‌ಟೆನ್ಷನ್ ಬರುತ್ತೆ,” ಎಂದು ಕೂರಿಸಿ ಸಮಾಧಾನ ಹೇಳುತ್ತಿದ್ದೆ. ಬರುತ್ತಿತ್ತು ಕೂಡ. ನನ್ನ ಸರ್ವಿಸಿನಲ್ಲಿ ಒಂದೇ ಒಂದು ಕೊನೇ ದಿನಾಂಕವೂ ಕೊನೆಯದಾಗಿ ಉಳಿದಿರಲಿಲ್ಲ. ಆ ದೇಶದ ಸರ್ಕಾರವೂ ಒಂದು ಸರ್ಕಾರವೇ ತಾನೆ ಎಂದುಕೊಂಡೆ. ಶಿವಮೊಗ್ಗದ ಗೋಪಾಳದಲ್ಲಿರುವ ನಮ್ಮ ಪರಿಚಯದವರ ಮಗಳು ಹಿಂದಿನ ವರ್ಷ ಇದೇ ರೀತಿ ಬಂದವಳು ಒಂದು ವರ್ಷ ಇದ್ದು ಆರಾಮಾಗಿ ವಾಪಸ್ ಹೋಗಿದ್ದಳು. ಸಡಿಲ ಬಿಟ್ಟಿದ್ದ ಕಾಲ ಅದು ಎನ್ನುವುದನ್ನು ನಾನು ತಲೆಗೇ ಹಾಕಿಕೊಳ್ಳಲಿಲ್ಲ.

ಆಮೇಲೂ ಅಳಿಯ ಎರಡು ಸಲ ಕೇಳಿದರು. “ಹೇಳಿದ್ರಾ ಅತ್ತೆ?” “ಹೇಳ್ತೀನಿ, ಹೇಳ್ತೀನಿ.” ಅಷ್ಟರಲ್ಲಿ ಅವರ ಕಂಪನಿಯವರು ಅವರನ್ನು ದೂರದ ಸೈಟಿಗೆ ಹಾಕಿದರು. ಅಲ್ಲಿ ಫೋನ್ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ನಾನು ಹೇಳಿರುತ್ತೇನೆ, ಇಲ್ಲಿ ಟಿಕೆಟ್ ತಯಾರಿ ನಡೆಯುತ್ತಿರುತ್ತದೆ ಎಂದು ಅವರು ನಂಬಿಕೊಂಡಿದ್ದರು. ನಾನು ಪಾಸ್‌ಪೋರ್ಟ್ ಬರಲಿ, ಎಕ್ಸ್‌ಟೆನ್ಷನ್ ಬರಲಿ, ಎಲ್ಲಾ ಒಟ್ಟಿಗೇ ಹೇಳೋಣ ಎಂದುಕೊಂಡು ಮೆಣಸಿನ ಸಾರು ಕುದಿಸುತ್ತಿದ್ದೆ.

ಶಿವಮೊಗ್ಗದಿಂದ ವಾಪಸ್ ಬರುವ ಬಸ್ಸಿನಲ್ಲಿ ನಮ್ಮ ಮನೆಯವರಿಗೆ ಹೇಳಿದೆ. ಹೇಳುವಾಗ ಅಕ್ಕಪಕ್ಕದವರು ಕೇಳಿಸಿಕೊಳ್ಳುತ್ತಾರೆಂಬ ಪರಿವೆಯೂ ಇರಲಿಲ್ಲ. ಅವರು ಜೀವನದಲ್ಲಿ ನನ್ನ ಮೇಲೆ ದನಿ ಏರಿಸಿದವರಲ್ಲ. ಕಾರ್ಖಾನೆಯ ಸದ್ದಿನಲ್ಲಿ ಕೆಲಸ ಮಾಡಿ ಕಿವಿ ಸ್ವಲ್ಪ ಮಂದ, ಹಾಗಾಗಿ ಎರಡು ಸಲ ಹೇಳಬೇಕಾಯಿತು. ಎರಡನೇ ಸಲ ಕೇಳಿಸಿದ ಮೇಲೆ ನನ್ನ ಮುಖ ನೋಡಿ, “ಏನ್ ಮಾಡ್ಬಿಟ್ಟೆ ಮಾರಾಯ್ತಿ?” ಎಂದರು. ಆಮೇಲೆ ಭದ್ರಾವತಿ ಬರುವವರೆಗೂ ಕಿಟಕಿಯ ಕಡೆಗೇ ತಿರುಗಿ ಕೂತಿದ್ದರು.

ಮನೆಗೆ ಬಂದಾಗ ಮಗಳು ಕೋಣೆಯಲ್ಲಿ ಮಗುವಿಗೆ ಹಾಲು ಕುಡಿಸುತ್ತಿದ್ದಳು. “ಏನಂದ್ರಮ್ಮ? ಎಷ್ಟು ದಿನಕ್ಕೆ ಬರುತ್ತಂತೆ ಇವನ ವೀಸಾ?” ಎಂದಳು. ಮುಖದಲ್ಲಿ ಎಷ್ಟು ಆಸೆ ಇತ್ತು ಎಂದರೆ ನಾನು ಬಾಗಿಲಲ್ಲೇ ನಿಲ್ಲಬೇಕಾಯಿತು. ಅವಳ ಗಂಡ ಇನ್ನೂ ಮಗುವನ್ನು ಮುಟ್ಟಿರಲಿಲ್ಲ. ಹೆರಿಗೆಗೆ ಅವರಿಗೆ ರಜೆ ಸಿಕ್ಕಿರಲಿಲ್ಲ. ಮಗುವಿನ ಕಾಲಿನ ಕಿರುಬೆರಳು ಅಪ್ಪನ ಹಾಗೇ ಒಳಗೆ ಬಾಗಿದೆ ಎಂದು ಅವಳು ದಿನಾ ಅವರಿಗೆ ಹೇಳುತ್ತಿದ್ದಳು, ಅವರು, “ನೀವಿಬ್ಬರೂ ಬನ್ನಿ, ನೋಡ್ತೀನಿ,” ಎನ್ನುತ್ತಿದ್ದರು.

ಹೇಳಿದೆ. ಅಂಗಡಿಯವರು ಹೇಳಿದ್ದನ್ನು ಹೇಳಿದೆ. ನಾನು ಮುಚ್ಚಿಟ್ಟಿದ್ದನ್ನೂ ಹೇಳಿದೆ.

ಅವಳು ಮೊದಲು ಮಗುವನ್ನು ಎದೆಯಿಂದ ಬಿಡಿಸಿ ಹಾಸಿಗೆಯ ಮೇಲೆ ಮಲಗಿಸಿದಳು. ಆಮೇಲೆ ಕಿವಿಯಿಂದ ಹತ್ತಿ ಕಿತ್ತು ಎಸೆದಳು. ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿದಳು. “ನನ್ನ ಫೋನ್ ಕೊಡು,” ಎಂದಳು. ಕೊಟ್ಟೆ. ಗಂಡ ಎರಡು ತಿಂಗಳಿಂದ ಕಳಿಸಿದ್ದ ಮೆಸೇಜುಗಳನ್ನೆಲ್ಲ ನಿಂತೇ ಓದಿದಳು. ಆಣೆ ಹಾಕಿಸಿಕೊಂಡ ಮನುಷ್ಯ ನೇರವಾಗಿ ಏನೂ ಬರೆದಿರಲಿಲ್ಲ. “ಅತ್ತೆ ಹತ್ರ ಮಾತಾಡು,” “ಅತ್ತೆ ಏನಂದ್ರು?” “ಟಿಕೆಟ್ ವಿಷಯ ಅತ್ತೇನ ಕೇಳು,” ಇಂಥವೇ ಸಾಲಾಗಿ ಇದ್ದವು.

“ನನ್ನ ಗಂಡ, ನನ್ನ ಮಗು, ನನ್ನ ಕಾರ್ಡು. ನನಗೆ ಹೇಳದೇ ಇರೋಕೆ ನೀನ್ಯಾರಮ್ಮ?” ಎಂದಳು. ಕೂಗಲಿಲ್ಲ. ಕೂಗಿದ್ದರೆ ನಾನೂ ಕೂಗಿ, ಅತ್ತು, ಸರಿ ಮಾಡಿಕೊಳ್ಳುತ್ತಿದ್ದೆ. ನಮ್ಮ ಮನೆಯ ಜಗಳಗಳು ಹಾಗೇ ಮುಗಿಯುವುದು. ಇದು ಹಾಗಿರಲಿಲ್ಲ.

“ನಿನ್ನ ಒಳ್ಳೇದಕ್ಕೇ ಅಲ್ವೇನೇ,” ಎಂದೆ.

“ಗೊತ್ತು. ಅದಕ್ಕೇ ಬೈಯೋಕೂ ಆಗ್ತಿಲ್ಲ ನನಗೆ,” ಎಂದಳು.

ಮಾರನೇ ದಿನ ಅಳಿಯ ಸೈಟಿನಿಂದ ಫೋನ್ ಮಾಡಿದರು. ಮಗಳು ವಿಷಯ ಹೇಳಿದಳು. ಕೆಲಸ ಬಿಟ್ಟು ಬಂದುಬಿಡಲಾ ಎಂದು ಕೇಳಿದರು. ಬಂದು ಇಲ್ಲಿ ಮಾಡುವುದೇನು ಎನ್ನುವುದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಸಂಜೆಯ ಹೊತ್ತಿಗೆ ಗಂಡ ಹೆಂಡತಿ ತೀರ್ಮಾನಕ್ಕೆ ಬಂದಿದ್ದರು. ಅವಳು ಹೋಗುವುದು, ಮಗು ನನ್ನ ಹತ್ತಿರ ಇರುವುದು, ಅವಳು ಅಲ್ಲಿ ಇಳಿದ ಮಾರನೇ ದಿನವೇ ಮಗುವಿನ ಅರ್ಜಿ ಹಾಕುವುದು. ಮೂರು ವಾರದಲ್ಲಿ ವೀಸಾ ಬರುತ್ತದೆ ಎಂದು ಅಲ್ಲಿ ಯಾರೋ ಹೇಳಿದ್ದರಂತೆ.

ನಾನು ಕೊನೆಯ ಪ್ರಯತ್ನವಾಗಿ, “ಎಕ್ಸ್‌ಟೆನ್ಷನ್ ಬರಬಹುದು ಕಣೇ, ಇನ್ನೂ ಹತ್ತು ದಿನ ಇದೆ,” ಎಂದುಬಿಟ್ಟೆ. ನಾಲಿಗೆಗೆ ಅಭ್ಯಾಸವಾಗಿತ್ತು. ಅವಳು ನನ್ನನ್ನು ನೋಡಿದ ರೀತಿ ನೆನಪಾದರೆ ಇವತ್ತಿಗೂ ತಲೆ ತಗ್ಗಿಸುತ್ತೇನೆ.

ಅವಳು ಹೊರಡುವವರೆಗೆ ನಮ್ಮ ಮನೆಯಲ್ಲಿ ನಡೆದದ್ದು ಒಂದೇ ಕೆಲಸ, ಮಗುವಿಗೆ ಬಾಟಲಿ ಹಿಡಿಸುವುದು. ಅವನು ಹಿಡಿಯಲೊಲ್ಲ. ರಬ್ಬರಿನ ತೊಟ್ಟು ಬಾಯಿಗೆ ತಾಗಿದ ಕೂಡಲೇ ಮುಖ ತಿರುಗಿಸಿ, ಮೈಯೆಲ್ಲ ಕೆಂಪಗೆ ಮಾಡಿಕೊಂಡು ಕಿರುಚುತ್ತಿದ್ದ. ತಾಯಿಯ ವಾಸನೆ ಇದ್ದರೆ ಬಾಟಲಿ ಮುಟ್ಟುವುದಿಲ್ಲವೆಂದು ಡಾಕ್ಟರು ಹೇಳಿದರು. ಹಾಗಾಗಿ ಅವನು ಹಸಿದು ಅಳುವಾಗ ಅವಳನ್ನು ಪಕ್ಕದ ಮನೆಗೆ ಕಳಿಸುತ್ತಿದ್ದೆ. ಗೋಡೆಯಾಚೆ ಅವಳಿಗೆ ಅಳು ಕೇಳಿಸುತ್ತಿತ್ತು. ರವಿಕೆಯೆಲ್ಲ ಹಾಲಿನಿಂದ ಒದ್ದೆಯಾಗಿ ಅವಳು ಅಲ್ಲಿ ಕೂತಿದ್ದಳೆಂದು ಪಕ್ಕದ ಮನೆಯವರು ಆಮೇಲೆ ಹೇಳಿದರು. ನೀರು ಹಾಕುವ ತಮಿಳು ಅಜ್ಜಿ ಇದನ್ನೆಲ್ಲ ನೋಡಿ, “ಅಯ್ಯೋ ಕಡವುಳೇ, ದೇವ್ರೇ, ಇದೆಂಥ ಸರ್ಕಾರಮ್ಮ? ಕರೂನ ಕಟ್ಟಾಕಿ ಹಸೂನ ಓಡಿಸ್ತಾರಾ?” ಎಂದು ಬಿಸಿನೀರಿನ ಹಂಡೆಯ ಮುಂದೆ ಕೂತು ಅತ್ತಳು. ಆರನೇ ದಿನ ಅವನು ಬಾಟಲಿ ಹಿಡಿದ. ಪೂರ್ತಿ ಕುಡಿದು ನನ್ನ ತೋಳಿನಲ್ಲೇ ನಿದ್ದೆ ಹೋದ. ನಾನು ಸಂಭ್ರಮದಿಂದ ಪಕ್ಕದ ಮನೆಗೆ ಓಡಿ, “ಕುಡಿದ ಕಣೇ!” ಎಂದೆ. ಅವಳು, “ಹೌದಾ?” ಎಂದು ಹೇಳಿ, ಅಲ್ಲೇ ಗೋಡೆಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತಳು.

ಹೊರಡುವ ದಿನ ಬೆಳಗಿನ ರೈಲು. ಭದ್ರಾವತಿ ಸ್ಟೇಷನ್ನಿಗೆ ಮಗುವನ್ನು ಕರೆತರುವುದು ಬೇಡವೆಂದು ಅವಳೇ ಹೇಳಿದಳು. ಹಾಸಿಗೆಯಲ್ಲಿ ಮಲಗಿದ್ದವನ ಪಾದಕ್ಕೆ ಮುಖ ಇಟ್ಟು, ಏಳಿಸದೆ, ಎದ್ದು ಹೋದಳು. ಹೆತ್ತು ನೂರು ದಿನವಾಗದ ಹೆಂಗಸು, ತಲೆಗೆ ಬಟ್ಟೆಯಿಲ್ಲ, ಕಾಲಿಗೆ ಸಾಕ್ಸ್ ಇಲ್ಲ. ನಮ್ಮ ಮನೆಯವರು ಬೆಂಗಳೂರಿನ ಏರ್‌ಪೋರ್ಟಿನವರೆಗೆ ಹೋಗಿ ಬಿಟ್ಟು ಬಂದರು. ಕಾರ್ಡು ರದ್ದಾಗಲು ಒಂದು ದಿನ ಇರುವಾಗ ಅವಳು ಅಲ್ಲಿ ಇಳಿದಳು.

ನಮಗೆಲ್ಲ ದೊಡ್ಡ ಗಂಡಾಂತರ ಕಳೆದಂತಾಗಿತ್ತು. ಇನ್ನು ಮೂರು ವಾರ ತಾನೆ ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆ.

ಮೂರು ವಾರಕ್ಕೆ ಬಂದದ್ದು ವೀಸಾ ಅಲ್ಲ, ಇನ್ನೊಂದು ರೂಲು. ಮಗುವಿನ ಜನನ ಪ್ರಮಾಣಪತ್ರಕ್ಕೆ ಮೊದಲು ಇಲ್ಲಿಯ ಸರ್ಕಾರದ ಮುದ್ರೆ, ಆಮೇಲೆ ಆ ದೇಶದ ರಾಯಭಾರ ಕಚೇರಿಯ ಮುದ್ರೆ ಆಗಬೇಕಂತೆ. ಸವಳಂಗ ರಸ್ತೆಯ ಅಂಗಡಿಯವರೇ ಓಡಾಡಿ ಮಾಡಿಸಿಕೊಟ್ಟರು. ಅದು ಆಗುವಷ್ಟರಲ್ಲಿ ಅರ್ಜಿ ತೆಗೆದುಕೊಳ್ಳುವುದನ್ನೇ ನಿಲ್ಲಿಸಿದರು. ಮತ್ತೆ ತೆರೆದರು. ತೆರೆದಾಗ ಮಕ್ಕಳನ್ನು ಕರೆಸಿಕೊಳ್ಳುವವರಿಗೆ ಬೇಕಾದ ಸಂಬಳದ ಮಟ್ಟವನ್ನು ಏರಿಸಿದ್ದರು, ಅಳಿಯನ ಸಂಬಳ ಅದಕ್ಕಿಂತ ಸ್ವಲ್ಪ ಕಡಿಮೆ ಬಿತ್ತು. ಅವರು ಕಂಪನಿಯವರ ಕೈಕಾಲು ಹಿಡಿದು, ಬೇರೆ ಹುದ್ದೆಗೆ ಹಾಕಿಸಿಕೊಂಡು, ಹೊಸ ಪತ್ರ ತಂದರು. ಅಂಗಡಿಯವರು ಪ್ರತಿ ಸಲವೂ, “ನಾನ್ ಏನ್ ಮಾಡ್ಲಿ ಅಮ್ಮಾ, ಬೆಳಿಗ್ಗೆ ಒಂದು ರೂಲ್, ಸಂಜೆ ಒಂದು ರೂಲ್,” ಎನ್ನುತ್ತಿದ್ದರು. ನಾನು ಕೌಂಟರಿನ ಈಚೆ ಬದಿಯಲ್ಲಿ ಬೆವರು ಒರೆಸಿಕೊಳ್ಳುತ್ತ ಕೂತಿರುತ್ತಿದ್ದೆ. ಹೋಗಿ ಹೋಗಿ ಯಾರ ಮೇಲೆ ಸಿಟ್ಟು ಮಾಡಬೇಕೆಂದೇ ಗೊತ್ತಾಗುತ್ತಿರಲಿಲ್ಲ. ಹಾಳಾದವರು, ಹೆತ್ತವಳ ಹತ್ತಿರ ಮಗು ಹೋಗೋಕೆ ಎಷ್ಟು ಮುದ್ರೆ ಬೇಕು ಇವರಿಗೆ ಎಂದು ಬಸ್ಸಿನಲ್ಲಿ ಗಟ್ಟಿಯಾಗಿ ಬೈದುಕೊಂಡು ಬರುತ್ತಿದ್ದೆ.

ಮಗು ಇಲ್ಲೇ ಬೋರಲು ಬಿದ್ದ. ಇಲ್ಲೇ ಕೂತ. ಅನ್ನದ ಮೊದಲ ತುತ್ತು ಇಲ್ಲೇ ತಿಂದ. ಇವೆಲ್ಲ ಅವಳು ಫೋನಿನಲ್ಲಿ ನೋಡಿದಳು. ಮೊದಮೊದಲು ದಿನಕ್ಕೆ ನಾಲ್ಕೈದು ಸಲ ಕರೆ ಮಾಡುತ್ತಿದ್ದಳು. ಹಾಲು ನಿಂತುಹೋದ ದಿನ ಅದನ್ನೂ ಹೇಳಿದಳು, ಹವಾಮಾನ ಹೇಳಿದ ಹಾಗೆ. ಆಮೇಲೆ ಸಂಜೆ ಒಂದು ಸಲ. ಮಗು ಫೋನನ್ನು ಕಸಿದುಕೊಂಡು ಬಾಯಿಗೆ ಹಾಕಿಕೊಳ್ಳುತ್ತಿದ್ದ. ಅವಳು, “ಪುಟ್ಟಾ, ಅಮ್ಮ ನೋಡು, ಇಲ್ಲಿ ನೋಡು ಅಮ್ಮ,” ಎನ್ನುವಳು. ಅವನು ಪರದೆಯನ್ನು ಒಂದು ಕ್ಷಣ ನೋಡಿ, ತಿರುಗಿ ನನ್ನ ಸೆರಗು ಹಿಡಿಯುವನು. ನಾನು ನಗುತ್ತ ಅವನ ಮುಖವನ್ನು ಫೋನಿನ ಕಡೆ ತಿರುಗಿಸುತ್ತಿದ್ದೆ. ಒಳಗೊಳಗೆ ನನಗೆ ಸಂತೋಷವಾಗುತ್ತಿತ್ತು. ಇದನ್ನು ಯಾರಿಗೂ ಹೇಳಿಲ್ಲ, ಈಗ ಬರೆಯುತ್ತಿದ್ದೇನೆ.

ಅವನಿಗೆ ಒಂಬತ್ತು ತಿಂಗಳಾದಾಗ ವೀಸಾ ಬಂತು. ನನಗೆ ಅಲ್ಲಿಗೆ ಹೋಗಲು ವೀಸಾ ಸಿಗುವಂತಿರಲಿಲ್ಲ, ಅಜ್ಜಿ ಅಜ್ಜ ಆ ದೇಶದ ಪಟ್ಟಿಯಲ್ಲೇ ಇರಲಿಲ್ಲ. ಮಗಳಿಗೆ ಬರಬೇಕೆಂದಿತ್ತು, ಆದರೆ ತಾಯಿ ಹೊರಗೆ ಕಾಲಿಟ್ಟರೆ ವೀಸಾಕ್ಕೆ ತೊಂದರೆಯಾದೀತೆಂದು ಯಾರೋ ಹೆದರಿಸಿದರು. ಹೆದರಲು ನಮಗೆ ಕಾರಣ ಬೇಕಿರಲಿಲ್ಲ. ಕೊನೆಗೆ ಅಳಿಯ ಐದು ದಿನದ ರಜೆ ಹಾಕಿ ಬಂದರು.

ಆಟೋದಿಂದ ಇಳಿದವರು ಬ್ಯಾಗನ್ನು ಗೇಟಿನಲ್ಲೇ ಬಿಟ್ಟು ಓಡಿ ಬಂದರು. ಮಗು ನನ್ನ ಸೊಂಟದ ಮೇಲಿತ್ತು. ಅವರು ಎರಡೂ ಕೈ ಚಾಚಿದರು. ಅವನು ಅವರನ್ನು ನೋಡಿದ, ನನ್ನ ಕುತ್ತಿಗೆಗೆ ಮುಖ ಹುದುಗಿಸಿದ. ಅವರು ಕೈ ಹಿಂದಕ್ಕೆ ತೆಗೆದುಕೊಂಡು, “ಪರವಾಗಿಲ್ಲ ಅತ್ತೆ, ಪರವಾಗಿಲ್ಲ,” ಎಂದರು. ಆಮೇಲೆ ಅವನ ಪಾದವನ್ನು ಮಾತ್ರ ಹಿಡಿದು ಕಿರುಬೆರಳು ನೋಡಿದರು. ಅಷ್ಟು ದೊಡ್ಡ ಮನುಷ್ಯ ನಮ್ಮ ಅಂಗಳದಲ್ಲಿ ನಿಂತು ಅತ್ತರು. ನಾಲ್ಕು ದಿನ ಅವರು ಅವನ ಹಿಂದೆಯೇ ಮೊಣಕಾಲೂರಿ ಹರಿದಾಡಿದರು. ಹೊರಡುವ ಹೊತ್ತಿಗೆ ಅವನು ಅವರ ಹತ್ತಿರ ಹೋಗುತ್ತಿದ್ದ, ಆದರೆ ನಾನು ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಇರಬೇಕಿತ್ತು.

ನಾವೂ ಏರ್‌ಪೋರ್ಟಿಗೆ ಹೋದೆವು. ಒಳಗೆ ಹೋಗುವ ಬಾಗಿಲಿನಲ್ಲಿ ಅವನನ್ನು ನನ್ನ ತೋಳಿನಿಂದ ಬಿಡಿಸಿಕೊಳ್ಳುವಾಗ ಅವನು ನನ್ನ ಸರ ಹಿಡಿದು ಎಳೆದ, ಕುತ್ತಿಗೆಯಲ್ಲಿ ಗೀರು ಬಿತ್ತು. ಗಾಜಿನ ಆಚೆ ಅವನ ಬಾಯಿ ತೆರೆದೇ ಇತ್ತು, ಸದ್ದು ಮಾತ್ರ ಕೇಳಿಸುತ್ತಿರಲಿಲ್ಲ. ನಮ್ಮ ಮನೆಯವರು, “ಅವನ ಅಮ್ಮನ ಹತ್ರಾನೇ ಹೋಗ್ತಿರೋದು ಕಣೇ, ಅಳ್ಬೇಡ,” ಎಂದರು. ಅದೇ ತಾನೇ ನಾವೆಲ್ಲ ಆರು ತಿಂಗಳಿಂದ ಬೇಡಿಕೊಂಡದ್ದು ಎಂದು ನಾನೂ ನನಗೆ ಹೇಳಿಕೊಂಡೆ.

ಎರಡು ದಿನ ಮಗಳಿಂದ ಬರೀ ಮೆಸೇಜು. “ತಲುಪಿದ.” “ನಿದ್ದೆ ಮಾಡಿದ.” ಮೂರನೇ ದಿನ ಸಂಜೆ ತಡೆಯಲಾರದೆ ನಾನೇ ವಿಡಿಯೋ ಕಾಲ್ ಮಾಡಿದೆ. ಅವಳು ಕಟ್ ಮಾಡಿ, ಬರೀ ಧ್ವನಿಯ ಕರೆ ಮಾಡಿದಳು. ದನಿ ತಗ್ಗಿಸಿ ಮಾತಾಡಿದಳು.

“ಅಮ್ಮ, ಬೇಜಾರು ಮಾಡ್ಕೋಬೇಡ. ಸ್ವಲ್ಪ ದಿನ ನೀನು ವಿಡಿಯೋದಲ್ಲಿ ಬರ್ಬೇಡ. ನಿನ್ನೆ ನಿನ್ನ ಫೋಟೋ ನೋಡಿ ಒಂದು ಗಂಟೆ ಅತ್ತ. ನಾನು ಎತ್ಕೊಂಡ್ರೆ ತಳ್ತಾನೆ. ನನ್ನ ಕಂಡ್ರೆ ಹೆದರ್ತಾನಮ್ಮ ನನ್ನ ಮಗ.”

“ಆಯ್ತು ಕಣೇ,” ಎಂದೆ.

ಅಷ್ಟಕ್ಕೇ ಹಿಂದಿನಿಂದ ಅವನ ದನಿ ಕೇಳಿಸಿತು. ಮೊದಲು ಒಂದು ಸಣ್ಣ ಕೂಗು, ಆಮೇಲೆ ಏನನ್ನೋ ಹುಡುಕುವ ಹಾಗೆ ಎರಡು ಮೂರು ಕೂಗು.

“ನೋಡು, ಸ್ಪೀಕರಲ್ಲಿ ನಿನ್ನ ಧ್ವನಿ ಗೊತ್ತಾಯ್ತು ಅವನಿಗೆ,” ಎಂದಳು ಮಗಳು. “ಮಾತಾಡ್ಬೇಡಮ್ಮ, 'ಹ್ಞೂಂ' ಅಂತಾನೂ ಅನ್ಬೇಡ. ಫೋನ್ ಇಡ್ಬೇಡ, ಕೇಳಿಸ್ಕೋತಾ ಇರು. ನಾನು ಅವನ ಹತ್ರ ಮಾತಾಡ್ತೀನಿ.”

ಅವಳು ಅವನೊಡನೆ ಮಾತಾಡತೊಡಗಿದಳು. ಅಮ್ಮ ಕಣೋ, ನಾನು ಅಮ್ಮ, ನೋಡು ಇಲ್ಲಿ ಎನ್ನುತ್ತಿದ್ದಳು. ಅವನು ಅಳುತ್ತಲೇ ಇದ್ದ. ಭದ್ರಾವತಿಯ ನಮ್ಮ ಮನೆಯ ಪಡಸಾಲೆಯಲ್ಲಿ ನಾನು ಬಾಯಿಗೆ ಸೆರಗು ಒತ್ತಿಕೊಂಡು, ಉಸಿರಿನ ಸದ್ದೂ ಆಗದ ಹಾಗೆ ಕೂತು ಕೇಳಿಸಿಕೊಂಡೆ.